ಲಾಟ್ ನಂಬರ್ ಇಲ್ಲದ ಮಾತು

ಆನ್‌ಲೈನ್‌ನಲ್ಲಿ ಜಗಳವಾದರೆ ಎಲ್ಲರೂ ಬೈಯೋದು ಜನರ ಬಾಯನ್ನ. ಪರದೆಯನ್ನ ಯಾರೂ ಬೈಯಲ್ಲ. ನಾನು ಬೈತೀನಿ.

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ತುರುವೇಕೆರೆಯ ಚಿಕ್ಕಪ್ಪ ಕೇಳಿದ್ರು: 'ಅಟ್ಟದ ಕೊಬ್ಬರಿ ಸುಲಿಸಿ ಈ ವಾರ ಟೆಂಡರಿಗೆ ಹಾಕಲಾ?' ನಾನು ಬೆಂಗಳೂರಿನ ಮೆಟ್ರೋದಲ್ಲಿ ನಿಂತೇ ಟೈಪ್ ಮಾಡಿದೆ: 'ಈಗೇನು ಅರ್ಜೆಂಟು? ಇನ್ನೆರಡು ತಿಂಗಳು ತಡೀರಿ.' ಅಷ್ಟರಲ್ಲಿ ಅತ್ತೆಯ ಮೆಸೇಜು ನಡುವೆ ನುಗ್ಗಿತ್ತು: 'ಅಜ್ಜಿ ಕಣ್ಣಿನ ಆಪರೇಷನ್‌ಗೆ ಡಾಕ್ಟ್ರು ಡೇಟ್ ಕೊಟ್ರು.' ಅದರ ಕೆಳಗೇ ನನ್ನ ಮಾತು. ಅತ್ತೆ ಮೂರು ವಾರ ನನ್ನ ಫೋನ್ ಎತ್ತಲಿಲ್ಲ.

ತಿಪಟೂರಿನ ಎಪಿಎಂಸಿ ನೋಡಿ. ಪ್ರತಿ ರಾಶಿಗೂ ಲಾಟ್ ನಂಬರ್. ವರ್ತಕ ಹಾಕಿದ ರೇಟು ಆ ನಂಬರಿಗೇ ಅಂಟುತ್ತೆ. ರೇಟುಗಳನ್ನ ಬಂದ ಸರದಿಯಲ್ಲಿ ಒಂದರ ಕೆಳಗೊಂದು ಸುರಿದಿದ್ದರೆ ನಮ್ಮ ಉಂಡೆ ಕೊಬ್ಬರಿಯ ಬೆಲೆ ಪಕ್ಕದವರ ಕೌಟು ಕೊಬ್ಬರಿಗೆ ಹೋಗಿ ಯಾರ್ಡಿನಲ್ಲಿ ಹೊಡೆದಾಟವೇ. ಕೊಬ್ಬರಿಗಿರೋ ಈ ಮರ್ಯಾದೆ ಮನುಷ್ಯರ ಮಾತಿಗೆ ಯಾಕಿಲ್ಲ?

'ಮೆಸೇಜನ್ನ ಪಕ್ಕಕ್ಕೆಳೆದು ರಿಪ್ಲೈ ಮಾಡಬಹುದಿತ್ತಲ್ಲ' ಅಂತೀರಿ. ಮಾಡಬಹುದಿತ್ತು. ದಿನವಿಡೀ ಸ್ಕ್ರೀನ್ ಮುಂದೆ ಕೂರೋ ನನಗೇ ಹೊಳೀಲಿಲ್ಲ, ಇನ್ನು ಚಿಕ್ಕಪ್ಪನಿಗೆ? ಪ್ರಶ್ನೆಗೆ ಉತ್ತರ ಜೋಡಿಸೋದು ಪರದೆ ವಿನ್ಯಾಸ ಮಾಡಿದವರ ಕೆಲಸ. ಅದನ್ನ ನಮ್ಮ ತಲೆಗೆ ಕಟ್ಟಿದ್ದಾರೆ.

ಅಜ್ಜಿಯ ಆಪರೇಷನ್ ಆಯ್ತು. ಕೊಬ್ಬರಿ ಇನ್ನೂ ಅಟ್ಟದಲ್ಲಿದೆ. ಚಿಕ್ಕಪ್ಪ ಈಗ ಫೋನ್ ಮಾಡೇ ಕೇಳ್ತಾರೆ.