ಹೆಸರು ಹಿಡಿದು ಕರೆಯುವುದು

ರಾಷ್ಟ್ರನಾಯಕರಲ್ಲಿ ಕೆಲವರನ್ನು ಲೋಕವು ಮನೆತನದ ಹೆಸರಿನಿಂದ ಕರೆಯುತ್ತದೆ. ಕೆಲವರನ್ನು ತಂದೆತಾಯಿಗಳು ತೊಟ್ಟಿಲಲ್ಲಿಟ್ಟ ಹೆಸರಿನಿಂದಲೇ ಕರೆಯುತ್ತದೆ. ತಿಲಕ, ನೆಹರು, ಚರ್ಚಿಲ್ ಎಂಬುವು ಮೊದಲನೆಯ ಬಗೆ. ಇಂದಿರಾ, ರಾಜೀವ, ನಿಜಲಿಂಗಪ್ಪ ಎಂಬುವು ಎರಡನೆಯ ಬಗೆ. ಈ ಭೇದಕ್ಕೆ ಕಾರಣವೇನೆಂದು ಕೇಳಿದರೆ ವಿದ್ಯಾವಂತರಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅದು ಜನರ ಪ್ರೀತಿಯ ಗುರುತು ಎಂಬುದು ಒಂದು ಪಕ್ಷ. ಅದು ಹಿರಿಯರನ್ನು ಹೆಸರು ಹಿಡಿದು ಕರೆಯುವ ಉದ್ಧಟತನ ಎಂಬುದು ಇನ್ನೊಂದು ಪಕ್ಷ. ವಿಚಾರಿಸಿ ನೋಡಿದರೆ ಎರಡೂ ಒಂದೇ ತಪ್ಪಿನಿಂದ ಹುಟ್ಟಿದವು. ಇಂಗ್ಲಿಷರಲ್ಲಿ ಮೊದಲ ಹೆಸರು ಆಪ್ತರಿಗೆ, ಕಡೆಯ ಹೆಸರು ಲೋಕಕ್ಕೆ ಎಂಬ ಏರ್ಪಾಡುಂಟು. ಆ ಏರ್ಪಾಡನ್ನೇ ಸಕಲ ಮನುಷ್ಯಜಾತಿಯ ಧರ್ಮವೆಂದು ಭಾವಿಸಿ, ಆ ಕೋಲಿನಿಂದಲೇ ಕನ್ನಡನಾಡಿನ ಹೆಸರುಗಳನ್ನೂ ಅಳೆಯಹೊರಟದ್ದೇ ಆ ತಪ್ಪು.

ಹಳೆಯ ಮೈಸೂರು ಸೀಮೆಯಲ್ಲಿ ಮನುಷ್ಯನಿಗೆ ಇರುವ ಹೆಸರು ಒಂದೇ. ಅದರ ಹಿಂದಿನ ಅಕ್ಷರಗಳು ಊರನ್ನೋ ತಂದೆಯನ್ನೋ ಸೂಚಿಸುವುವೇ ಹೊರತು ಕರೆಯುವುದಕ್ಕೆ ಬರುವುದಿಲ್ಲ. ಎಸ್. ನಿಜಲಿಂಗಪ್ಪನವರ ‘ಎಸ್.’ ಸಿದ್ದವ್ವನಹಳ್ಳಿ. ವಿಧಾನಸೌಧವನ್ನು ಕಟ್ಟಿಸಿದ ಹನುಮಂತಯ್ಯನವರ ಹಿಂದಿರುವ ಕೆಂಗಲ್ಲು ಒಂದು ಸ್ಥಳದ ಹೆಸರು. ಇವರನ್ನು ನಿಜಲಿಂಗಪ್ಪ, ಹನುಮಂತಯ್ಯ ಎಂದು ಕರೆಯದೆ ಮತ್ತೇನೆಂದು ಕರೆಯಬೇಕು? ಇಲ್ಲಿ ವಿಶೇಷ ಪ್ರೀತಿಯೂ ಇಲ್ಲ, ಅವಮಾನವೂ ಇಲ್ಲ. ಬೇರೆ ಹೆಸರಿಲ್ಲ, ಅಷ್ಟೆ. ಆದರೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಅಡ್ಡಹೆಸರಿನ ರೂಢಿ ಬಲವಾಗಿದ್ದಿತು. ಆದ್ದರಿಂದ 1958ರಲ್ಲಿ ಮುಖ್ಯಮಂತ್ರಿಗಳಾದ ಬಸಪ್ಪ ದಾನಪ್ಪ ಜತ್ತಿಯವರು ‘ಜತ್ತಿ’ಯವರೇ ಆದರು, ಯಾರೂ ಅವರನ್ನು ಬಸಪ್ಪನವರೆನ್ನಲಿಲ್ಲ. 1956ರಲ್ಲಿ ಒಂದಾದ ಒಂದೇ ನಾಡಿನ ಒಂದೇ ಪೀಠದಲ್ಲಿ ಒಬ್ಬರ ತರುವಾಯ ಒಬ್ಬರು ಕುಳಿತ ಇಬ್ಬರು ಹಿರಿಯರಿಗೆ ಲೋಕವು ಎರಡು ಬಗೆಯ ಹೆಸರನ್ನು ಬಳಸಿತು. ನಿಜಲಿಂಗಪ್ಪನವರ ಮೇಲೆ ಜನಕ್ಕೆ ಸಲಿಗೆಯೂ ಜತ್ತಿಯವರ ಮೇಲೆ ಸಂಕೋಚವೂ ಇದ್ದುದರಿಂದ ಹೀಗಾಯಿತೆಂದು ಯಾರಾದರೂ ಹೇಳಿಯಾರೆ?

ದೇಶಾಂತರಗಳಲ್ಲಿಯೂ ಹೀಗೆಯೇ. ಐಸ್‌ಲೆಂಡಿನಲ್ಲಿ ಬಹುಜನಕ್ಕೆ ಮನೆತನದ ಹೆಸರೇ ಇಲ್ಲ. 1980ರಲ್ಲಿ ಆ ದೇಶದ ಅಧ್ಯಕ್ಷರಾಗಿ ಚುನಾಯಿತರಾದ ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಅವರ ಎರಡನೆಯ ಹೆಸರಿಗೆ ‘ಫಿನ್‌ಬೊಗಿಯ ಮಗಳು’ ಎಂದಷ್ಟೇ ಅರ್ಥ. ಆದುದರಿಂದ ರಾಷ್ಟ್ರಾಧ್ಯಕ್ಷರಾದರೂ ಅವರು ವಿಗ್ದಿಸ್ ಅವರೇ. ಅಲ್ಲಿ ಟೆಲಿಫೋನಿನ ಪುಸ್ತಕವನ್ನೂ ಹುಟ್ಟುಹೆಸರಿನ ಕ್ರಮದಲ್ಲಿಯೇ ಅಚ್ಚುಮಾಡುತ್ತಿದ್ದರು. ವಿಯೆಟ್ನಾಮಿನಲ್ಲಿ ಕುಲನಾಮವು ಮೊದಲು ಬರುತ್ತದೆ, ಹುಟ್ಟುಹೆಸರು ಕಡೆಗೆ. 1954ರಲ್ಲಿ ದಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚರನ್ನು ಸೋಲಿಸಿದ ವೊ ಎಂಬ ಕುಲದ ಸೇನಾನಿಯನ್ನು ಲೋಕವು ಜನರಲ್ ಜ್ಯಾಪ್ ಎಂದೇ ಬಲ್ಲದು. ಬರ್ಮಾ ದೇಶದಲ್ಲಿ ಕುಲನಾಮದ ಪದ್ಧತಿಯೇ ಇಲ್ಲ. ಈ ಜನಗಳೆಲ್ಲರೂ ಮರ್ಯಾದೆಯನ್ನರಿಯದವರೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಎರಡನೆಯ ಕಾರಣವು ಗುರುತಿನ ಅವಶ್ಯಕತೆ. ಒಂದೇ ಮನೆಯಲ್ಲಿ ಇಬ್ಬರು ಮುಖಂಡರು ಹುಟ್ಟಿದರೆ ಮನೆಯ ಹೆಸರು ಯಾರನ್ನೂ ಗುರುತಿಸುವುದಿಲ್ಲ. 1929ರ ಲಾಹೋರ್ ಕಾಂಗ್ರೆಸ್ಸಿನಲ್ಲಿ ತಂದೆಯ ತರುವಾಯ ಮಗನು ಅಧ್ಯಕ್ಷಪೀಠವನ್ನೇರಿದಾಗ ‘ನೆಹರು’ ಎಂದರೆ ಸಾಲುತ್ತಿರಲಿಲ್ಲ. ಮೋತಿಲಾಲರು, ಜವಾಹರಲಾಲರು ಎಂದೇ ಹೇಳಬೇಕಾಗಿದ್ದಿತು. ವಿಠಲಭಾಯಿ ಮತ್ತು ವಲ್ಲಭಭಾಯಿ ಎಂಬ ಪಟೇಲ ಸೋದರರದೂ, ಶರಚ್ಚಂದ್ರ ಮತ್ತು ಸುಭಾಷಚಂದ್ರ ಎಂಬ ಬೋಸ್ ಸೋದರರದೂ ಇದೇ ಕಥೆ. ಇಂದಿರಾ ಅವರ ಪ್ರಸಂಗದಲ್ಲಿ ಈ ತೊಡಕು ಇಮ್ಮಡಿಯಾಯಿತು. 1942ರಲ್ಲಿ ಫಿರೋಜ್ ಗಾಂಧಿಯವರನ್ನು ವಿವಾಹವಾದುದರಿಂದ ಅವರಿಗೆ ಬಂದ ಹೆಸರು, ಈ ದೇಶದಲ್ಲಿ ಅದಾಗಲೇ ಒಬ್ಬ ಮಹಾತ್ಮರಿಗೆ ಮೀಸಲಾಗಿದ್ದ ಹೆಸರು. ಫಿರೋಜರಿಗೂ ಮಹಾತ್ಮರಿಗೂ ರಕ್ತಸಂಬಂಧವಿರಲಿಲ್ಲ. ಆದರೂ ಬರಿಯ ‘ಗಾಂಧಿ’ ಎಂದರೆ ಜನದ ಮನಸ್ಸು ಸಾಬರಮತಿಗೆ ಹೋಗುತ್ತದೆಯೇ ಹೊರತು ದೆಹಲಿಯ ಸಚಿವಾಲಯಕ್ಕಲ್ಲ. 1978ರಲ್ಲಿ ಅವರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ಮಲೆನಾಡಿನ ಜನ ‘ಇಂದಿರಾ’ ಎಂದುದಕ್ಕೆ ಈ ಅವಶ್ಯಕತೆಯೂ ಒಂದು ಕಾರಣ. ಎಲ್ಲವನ್ನೂ ಪ್ರೀತಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಹಾಗಾದರೆ ಆಕ್ಷೇಪಿಸತಕ್ಕದ್ದು ಏನೂ ಇಲ್ಲವೋ ಎಂದರೆ, ಉಂಟು. ಈಚೆಗೆ ಕೆಲವರು ಸಮಾನತೆಗಾಗಿ ಎಲ್ಲ ಮುಖಂಡರನ್ನೂ ಕಡೆಯ ಹೆಸರಿನಿಂದಲೇ ಕರೆಯತಕ್ಕದ್ದೆಂಬ ನಿಯಮವನ್ನು ಸೂಚಿಸುತ್ತಾರೆ. ಅವರ ಉದ್ದೇಶ ಒಳ್ಳೆಯದು, ಆಧಾರವೂ ಇಲ್ಲದಿಲ್ಲ. 2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಇಬ್ಬರು ವಿದುಷಿಯರು ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಗಂಡಸರನ್ನು ಬರಿಯ ಕುಲನಾಮದಿಂದ ಹೇಳುವುದು ಹೆಂಗಸರನ್ನು ಹಾಗೆ ಹೇಳುವುದಕ್ಕಿಂತ ಎರಡರಷ್ಟಕ್ಕೂ ಹೆಚ್ಚೆಂದು ಕಂಡುಬಂದಿತು. ಕುಲನಾಮದಿಂದ ಹೇಳಿಸಿಕೊಂಡವರೇ ಹೆಚ್ಚು ಪ್ರಸಿದ್ಧರೆಂದು ಓದಿದವರು ಎಣಿಸಿದರು. ಇಂಗ್ಲಿಷಿನಲ್ಲಿ ಈ ಅನ್ಯಾಯವು ನಿಜ. ಆದರೆ ಅಲ್ಲಿಯ ಔಷಧವನ್ನು ಇಲ್ಲಿಯ ರೋಗಿಗೆ ಕುಡಿಸುವ ಮುನ್ನ ನಾಡಿಯನ್ನು ನೋಡಬೇಡವೆ? ಕನ್ನಡಿಗರ ಕಡೆಯ ಹೆಸರುಗಳಲ್ಲಿ ರೆಡ್ಡಿ, ಹೆಗಡೆ, ಗೌಡ, ಅರಸು, ಪಾಟೀಲ ಎಂಬಂಥವು ಕುಲವನ್ನೋ ಹಿಂದಿನ ಅಧಿಕಾರವನ್ನೋ ಸಾರುವ ಹೆಸರುಗಳು. 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದ ಚೆಂಗಲರಾಯರನ್ನು ಲೋಕವು ಕೆ. ಸಿ. ರೆಡ್ಡಿಯವರೆಂದೇ ಬಲ್ಲದು, ಅವರ ಸ್ವಂತ ಹೆಸರು ಒಂದು ಅಕ್ಷರದಲ್ಲಿ ಅಡಗಿಹೋಯಿತು. ಈ ರೂಢಿಯನ್ನೇ ನಿಯಮವಾಗಿ ಮಾಡಿದರೆ ಮುಖಂಡನ ಹೆಸರನ್ನೆತ್ತಿದಾಗಲೆಲ್ಲ ಆತನ ಜಾತಿಯನ್ನು ಕೂಗಿದಂತಾಗುವುದು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ಸೇರಿದ ಆತ್ಮಗೌರವ ಸಮ್ಮೇಳನವು ಜಾತಿಸೂಚಕ ಪದಗಳನ್ನು ಹೆಸರಿನಿಂದ ಕಿತ್ತುಹಾಕಬೇಕೆಂದು ನಿರ್ಣಯ ಮಾಡಿದ್ದುಂಟು. ತಮಿಳರು ಪ್ರಯತ್ನಪಟ್ಟು ಹೊರದೂಡಿದುದನ್ನು ಕನ್ನಡಿಗರು ಸಮಾನತೆಯ ಹೆಸರಿನಲ್ಲಿ ಒಳಗೆ ಕರೆದುಕೊಳ್ಳುವುದು ವಿವೇಕವಲ್ಲ.

ಕನ್ನಡದಲ್ಲಿ ಮರ್ಯಾದೆಯು ಹೆಸರಿನಲ್ಲಿಲ್ಲ. ಹೆಸರಿನ ಮುಂದಣ ಪ್ರತ್ಯಯದಲ್ಲಿದೆ, ಸರ್ವನಾಮದಲ್ಲಿದೆ, ಕ್ರಿಯಾಪದದ ಕೊನೆಯಲ್ಲಿದೆ. ‘ಇಂದಿರಾ ಅವರು ಬಂದರು’ ಎಂದರೆ ಯಾವ ಲೋಪವೂ ಇಲ್ಲ. ‘ನೆಹರು ಬಂದ’ ಎಂದರೆ ಕುಲನಾಮವಿದ್ದೂ ಮರ್ಯಾದೆ ಹೋಯಿತು. ಆದುದರಿಂದ ಸ್ತ್ರೀಯರಿಗೆ ಅನ್ಯಾಯವಾಗುತ್ತಿದೆಯೇ ಎಂದು ನೋಡಬೇಕಾದರೆ ಈ ಪ್ರತ್ಯಯಗಳನ್ನು ನೋಡಬೇಕು. ಪುರುಷ ಮಂತ್ರಿಯನ್ನು ‘ಅವರು ಹೇಳಿದರು’ ಎಂದು ಬರೆದ ಲೇಖನಿಯೇ ಮಗ್ಗುಲ ಅಂಕಣದಲ್ಲಿ ಸ್ತ್ರೀ ಮಂತ್ರಿಯನ್ನು ‘ಆಕೆ ಹೇಳಿದಳು’ ಎಂದು ಬರೆಯುವುದನ್ನು ಕಾಣಬಹುದು. ಇದನ್ನು ಸಲಿಗೆಯೆಂದು ಸಮರ್ಥಿಸುವುದು ಸಲ್ಲದು. ಇಬ್ಬರಿಗೂ ಸಲಿಗೆಯಿದ್ದರೆ ಅದು ಸಲಿಗೆ. ಒಬ್ಬರಿಗೆ ಮಾತ್ರ ಇದ್ದರೆ ಅದು ತಾರತಮ್ಯ. ಹೆಸರಿನ ವಿಷಯದಲ್ಲಿ ಅಷ್ಟು ವಾದ ಹೂಡುವವರು ಈ ಒಂದಕ್ಷರದ ಅನ್ಯಾಯವನ್ನು ಕಾಣದಿರುವುದು ಆಶ್ಚರ್ಯ.

ಕಡೆಯದಾಗಿ ಪ್ರೀತಿಯ ಮಾತು. ಹೆಸರಿನಲ್ಲಿ ಪ್ರೀತಿಯೇ ಇಲ್ಲವೆಂದು ಹೇಳುವುದು ಸತ್ಯವಲ್ಲ. ಆದರೆ ಆ ಪ್ರೀತಿಯನ್ನು ಮುಖಂಡರ ಪಕ್ಷದವರೇ ಬಿತ್ತಿ ಬೆಳೆಯುವುದೂ ಉಂಟು. 1952ರ ಚುನಾವಣೆಯಲ್ಲಿ ಸೇನಾಪತಿ ಐಸೆನ್‌ಹೋವರರನ್ನು ‘ಐಕ್’ ಎಂಬ ಮುದ್ದು ಹೆಸರಿನಿಂದಲೇ ಅಮೆರಿಕದ ಮನೆಮನೆಗೆ ಕಳುಹಿಸಿದರು. ಹಿಲರಿ ಕ್ಲಿಂಟನ್ನರು 2000ದಲ್ಲಿ ಸೆನೆಟ್ಟಿಗೆ ನಿಂತಾಗ ಫಲಕಗಳ ಮೇಲೆ ‘ಹಿಲರಿ’ ಎಂಬ ಹೆಸರೊಂದನ್ನೇ ಬರೆಯಿಸಿದರು. ಹಿಂದೂಸ್ಥಾನದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಸರೂ ಕಳಚಿ, ಬಂಧುವಾಚಕವೇ ಉಳಿಯಿತು: ಅಣ್ಣಾ, ಅಮ್ಮ, ದೀದಿ, ಬೆಹೆನ್‌ಜಿ. 1970ರ ದಶಕದಲ್ಲಿ ದೇವಕಾಂತ ಬರೂವಾ ಅವರು ಇಂದಿರೆಯೇ ಇಂಡಿಯಾ, ಇಂಡಿಯಾವೇ ಇಂದಿರೆ ಎಂದು ಘೋಷಿಸಿದರು. ತೊಟ್ಟಿಲ ಹೆಸರು ದೇಶದ ಹೆಸರೇ ಆಯಿತು. 1975ರಿಂದ 1977ರವರೆಗೆ ದೇಶವನ್ನು ಕವಿದಿದ್ದ ತುರ್ತುಪರಿಸ್ಥಿತಿಯನ್ನು ನೆನೆದವರಿಗೆ ಆ ಸಲಿಗೆಯ ಬೆಲೆ ಗೊತ್ತಿದೆ. ತಮಿಳುನಾಡಿನಲ್ಲಿ 2013ರಲ್ಲಿ ಆರಂಭವಾದ ಸರ್ಕಾರಿ ಊಟದ ಮನೆಗಳಿಗೆ ‘ಅಮ್ಮ’ನ ಹೆಸರಾಯಿತು, ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದವಕ್ಕೆ ‘ಇಂದಿರಾ’ ಹೆಸರಾಯಿತು. ಹಸಿದವರಿಗೆ ಅಗ್ಗದ ಬೆಲೆಗೆ ಅನ್ನವಿಕ್ಕುವುದು ಉತ್ತಮ ಕಾರ್ಯ. ಅದನ್ನು ಜರೆಯುವವರು ಯಾರೂ ಇಲ್ಲ. ಆದರೆ ಆ ಅನ್ನ ಬಂದದ್ದು ಪ್ರಜೆಗಳ ತೆರಿಗೆಯಿಂದ. ಫಲಕದ ಮೇಲಿನ ಆಪ್ತನಾಮವು ಹಕ್ಕಿನ ಅನ್ನವನ್ನು ತಾಯಿಯ ಕೈತುತ್ತಾಗಿ ಮಾಡಿಬಿಡುತ್ತದೆ. ಹಕ್ಕಿಗೆ ಕೊರತೆಯಾದರೆ ಕೇಳಬಹುದು; ಕೈತುತ್ತು ಚಿಕ್ಕದಾಯಿತೆಂದು ತಾಯಿಯನ್ನು ಕೇಳುವ ಮಗನುಂಟೆ?

ಇದಕ್ಕೆ ಪ್ರತಿಪಕ್ಷದವರು ಒಂದು ಸಮಾಧಾನ ಹೇಳಿಯಾರು: ಕನ್ನಡಿಗರು ದೇವರನ್ನೂ ಹೆತ್ತ ತಾಯಿಯನ್ನೂ ಏಕವಚನದಲ್ಲಿಯೇ ಕರೆಯುವರಲ್ಲವೆ, ಅದಕ್ಕಿಂತ ದೊಡ್ಡ ಗೌರವವಾವುದು ಎಂದು. ಉದಾಹರಣೆಯೇನೋ ದಿಟ, ಅದೇ ಅವರ ವಾದವನ್ನು ಕೆಡಿಸುತ್ತದೆ. ಭಕ್ತನು ದೇವರಿಂದ ಆಯವ್ಯಯದ ಪಟ್ಟಿಯನ್ನು ಕೇಳುವುದಿಲ್ಲ. ಮಗುವು ತಾಯಿಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸುವುದಿಲ್ಲ. ಪ್ರಜೆಯು ಇವೆರಡನ್ನೂ ಮಾಡಬೇಕಾದವನು. ದೇವರಿಗೂ ತಾಯಿಗೂ ಸಲ್ಲುವ ಸಂಬೋಧನೆಯನ್ನು ಮಂತ್ರಿಗೆ ಸಲ್ಲಿಸಿದರೆ ಕೇಳುವ ನಾಲಗೆಯು ತಾನಾಗಿಯೇ ಹಿಂಜರಿಯುತ್ತದೆ.

ಆದಕಾರಣ ಬಲ್ಲವರು ಮಾಡತಕ್ಕದ್ದು ಇಷ್ಟು. ಯಾರನ್ನಾಗಲಿ ಅವರವರ ನಾಡಿನ ರೂಢಿಯಲ್ಲಿ ಸಲ್ಲುವ ಹೆಸರಿನಿಂದಲೇ ಹೇಳಲಿ; ಹುಟ್ಟುಹೆಸರೆಂದು ನಾಚುವುದು ಬೇಡ. ಗಂಡಸಿಗೂ ಹೆಂಗಸಿಗೂ ‘ಅವರು’ ಎಂಬುದು ಸಮವಾಗಿ ಸಲ್ಲಲಿ. ಅಣ್ಣ, ಅಮ್ಮ, ಅಕ್ಕ ಎಂಬ ಮಾತುಗಳು ಮನೆಯಲ್ಲಿ ಆ ಸ್ಥಾನದಲ್ಲಿರುವವರಿಗೇ ಮೀಸಲಾಗಿರಲಿ. ಸಾರ್ವಜನಿಕ ಬರಹದಲ್ಲಿಯೂ ಸರ್ಕಾರದ ಫಲಕಗಳಲ್ಲಿಯೂ ಅವಕ್ಕೆ ಎಡೆ ಬೇಡ. ಮಕ್ಕಳಿಗೆ ವೃತ್ತಪತ್ರಿಕೆಯನ್ನು ಓದಿ ಹೇಳುವ ಮನೆಗಳಿಂದಲೇ ಈ ಪದ್ಧತಿಯು ಆರಂಭವಾದರೆ, ಬೆಳೆದು ಮತ ಕೊಡಲು ಹೋಗುವ ದಿನ ಅವರು ಪೆಟ್ಟಿಗೆಯ ಮುಂದೆ ಬಂಧುಗಳಂತೆ ನಿಲ್ಲದೆ ಯಜಮಾನರಂತೆ ನಿಂತಾರು.