ಮಹಾಮಾರಿ ಸರಿಯಿತು, ಮಕ್ಕಳ ಹೊಣೆ ಉಳಿಯಿತು

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಜಾಗತಿಕ ಮಹಾಮಾರಿಯೆಂದು ಘೋಷಿಸಿದ್ದು 2020ರ ಮಾರ್ಚ್ 11ರಂದು. ಅದಕ್ಕೆ ಎರಡು ದಿನ ಮೊದಲು, ಮಾರ್ಚ್ 9ರಂದು, ಮಹಾರಾಷ್ಟ್ರದ ಮೊದಲ ಸೋಂಕಿತರು ಪತ್ತೆಯಾದದ್ದು ನಮ್ಮ ಪುಣೆಯಲ್ಲಿ. ಮರುವರ್ಷ ಜನವರಿ 12ರಂದು ಸೀರಂ ಸಂಸ್ಥೆಯ ಕೋವಿಶೀಲ್ಡ್ ಲಸಿಕೆಯ ಮೊದಲ ಕಂತು ದೇಶದ ನಾನಾ ನಗರಗಳಿಗೆ ಹೊರಟದ್ದೂ ಇದೇ ಪುಣೆಯಿಂದ. 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಅದೇ ಸಂಸ್ಥೆ ಸಾರಿತು. ರೋಗದ ಕಡತ ಹೀಗೆ ಮುಚ್ಚಿತು. ಆದರೆ ಆ ಮೂರು ವರ್ಷಗಳಲ್ಲಿ ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೂ ಒಟ್ಟಿಗೋ ಕಳೆದುಕೊಂಡ ಮಕ್ಕಳ ಕಡತ ಇನ್ನೂ ತೆರೆದೇ ಇದೆ. 2021ರಲ್ಲಿ ಐದು ವರ್ಷದ್ದಾಗಿದ್ದ ಮಗುವಿಗೆ ಹದಿನೆಂಟು ತುಂಬುವುದು 2034ರಲ್ಲಿ!

ಮಹಾಮಾರಿಯ ದಿನಗಳಲ್ಲಿ ಹೊರನಾಡ ಕನ್ನಡಿಗರು ಸುಮ್ಮನೆ ಕುಳಿತಿರಲಿಲ್ಲ. ಅಕ್ಕಿ-ಬೇಳೆಯ ಚೀಲಗಳನ್ನು ಹಂಚಿದವರು, ಊರಿಗೆ ನಡೆದು ಹೊರಟವರಿಗೆ ಬುತ್ತಿ ಕಟ್ಟಿಕೊಟ್ಟವರು, ಆಮ್ಲಜನಕದ ಸಿಲಿಂಡರಿಗಾಗಿ ರಾತ್ರಿಯಿಡೀ ದೂರವಾಣಿ ಮಾಡಿದವರು ನಮ್ಮ ನಡುವೆಯೇ ಇದ್ದಾರೆ. ಆ ಸೇವೆ ಸ್ತುತ್ಯರ್ಹವಾದದ್ದು. ಆದರೆ ತುರ್ತಿನ ನೆರವು ವಾರಗಳ ಲೆಕ್ಕದ್ದು, ಮಗುವಿನ ಪಾಲನೆ ವರ್ಷಗಳ ಲೆಕ್ಕದ್ದು. ಈ ಎರಡನೆಯ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಪುಣೆ ಕಂಡ ಹಳೆಯ ಮಾದರಿಗಳು

ಸಾಂಕ್ರಾಮಿಕ ಪುಣೆಗೆ ಹೊಸದಲ್ಲ. 1897ರ ಪ್ಲೇಗಿನ ಸಮಯದಲ್ಲಿ ಸರಕಾರವು ಸೈನಿಕರನ್ನು ಮನೆಮನೆಗೆ ನುಗ್ಗಿಸಿ ತಪಾಸಣೆ ನಡೆಸಿದ್ದು, ಅದರಿಂದ ಕೆರಳಿದ ಚಾಪೇಕರ್ ಸಹೋದರರು ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಮೇಲೆ ಗುಂಡು ಹಾರಿಸಿದ್ದು ಇತಿಹಾಸದ ಪುಟಗಳಲ್ಲಿ ಸರ್ವವಿದಿತ. ಅದೇ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆಯವರು ಅದೇ ಪ್ಲೇಗಿಗೆ ಬಲಿಯಾದರು. ಅವರ ಮಗ ಡಾ. ಯಶವಂತರು ಊರ ಹೊರಗೆ ಹಡಪಸರದ ಬಳಿ ಚಿಕಿತ್ಸಾಲಯ ನಡೆಸುತ್ತಿದ್ದರು. ಮುಂಢವೆಯಿಂದ ರೋಗಗ್ರಸ್ತ ಬಾಲಕನೊಬ್ಬನನ್ನು ಆ ತಾಯಿ ಬೆನ್ನ ಮೇಲೆ ಹೊತ್ತು ಅಲ್ಲಿಗೆ ತಂದರೆಂದೂ, ಆಗಲೇ ಸೋಂಕು ತಗುಲಿತೆಂದೂ ಅವರ ಚರಿತ್ರೆ ಹೇಳುತ್ತದೆ.

ಅದೇ ಕಾಲದ ಇನ್ನೊಂದು ಹೆಸರು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಕಾರ್ಕಳದ ಬಳಿಯ ಮಾಳ ಮೂಲದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು ಕ್ಷಾಮದಲ್ಲಿ ತಂದೆತಾಯಿಯರನ್ನು ಕಳೆದುಕೊಂಡವರು. ಪುಣೆಯಲ್ಲಿ ಶಾರದಾ ಸದನವನ್ನು ನಡೆಸುತ್ತಿದ್ದ ಅವರು 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನಿರ್ಗತಿಕ ಹೆಣ್ಣುಮಕ್ಕಳನ್ನು ಕರೆತಂದು, ದೌಂಡ್ ರೈಲುಮಾರ್ಗದ ಕೇಡಗಾಂವದಲ್ಲಿ ನೆಲೆ ಕಲ್ಪಿಸಿದರು. ಊಟ ಹಾಕಿ ಕಳುಹಿಸಿದರೆ ಅವರ ಕೆಲಸ ಅಂದೇ ಮುಗಿಯುತ್ತಿತ್ತು. ಅವರು ಹಾಗೆ ಮಾಡದೆ ಅಕ್ಷರ ಕಲಿಸಿದರು, ನೇಯ್ಗೆ, ಬೇಸಾಯ, ಮುದ್ರಣದಂಥ ಕಸುಬುಗಳನ್ನು ಕಲಿಸಿದರು. ಮಗು ತನ್ನ ಕಾಲ ಮೇಲೆ ನಿಲ್ಲುವವರೆಗೆ ಜೊತೆಗಿರುವುದೇ ನೆರವೆಂಬುದು ಅವರ ನಡೆಯಲ್ಲಿಯೇ ಇತ್ತು.

ಅಂಕಿಗಳು ಹೇಳುವುದೇನು?

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಮಾಹಿತಿಯ ಪ್ರಕಾರ, 2020ರ ಏಪ್ರಿಲ್ 1ರಿಂದ ಅಲ್ಲಿಯವರೆಗೆ ದೇಶದಲ್ಲಿ 1,47,492 ಮಕ್ಕಳು ಪೋಷಕರ ಆಸರೆ ಕಳೆದುಕೊಂಡಿದ್ದರು. ಇವರಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರು 10,094. ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಂಡವರು 1,36,910. ಪರಿತ್ಯಕ್ತರಾದವರು 488. ಈ ಲೆಕ್ಕದಲ್ಲಿ ಕೋವಿಡ್ ಅಲ್ಲದೆ ಇತರ ಕಾರಣಗಳ ಮರಣಗಳೂ ಸೇರಿವೆ ಎಂಬುದನ್ನು ಮರೆಯಬಾರದು. ಆದರೂ ಅನುಪಾತವನ್ನು ಗಮನಿಸಿ. ಇಬ್ಬರನ್ನೂ ಕಳೆದುಕೊಂಡ ಒಂದು ಮಗುವಿಗೆ ಪ್ರತಿಯಾಗಿ ಒಬ್ಬರನ್ನು ಕಳೆದುಕೊಂಡ ಮಕ್ಕಳು ಹದಿಮೂರಕ್ಕೂ ಹೆಚ್ಚು!

ದೊಡ್ಡ ಮೊತ್ತದ ಯೋಜನೆಗಳು ಮುಖ್ಯವಾಗಿ ಮೊದಲನೆಯ ಗುಂಪಿಗಾಗಿ ರೂಪುಗೊಂಡವು. 2021ರ ಮೇ 29ರಂದು ಪ್ರಕಟವಾದ ಪಿ.ಎಂ. ಕೇರ್ಸ್ ಮಕ್ಕಳ ಯೋಜನೆಯಲ್ಲಿ ಮಗುವಿಗೆ ಹದಿನೆಂಟು ತುಂಬುವಾಗ ಅದರ ಹೆಸರಿನ ನಿಧಿ 10 ಲಕ್ಷ ರೂಪಾಯಿ ಆಗಿರುವಂತೆ ವ್ಯವಸ್ಥೆ ಇದೆ. ಹದಿನೆಂಟರಿಂದ ಇಪ್ಪತ್ತಮೂರರವರೆಗೆ ಮಾಸಿಕ ವೇತನ, ಇಪ್ಪತ್ತಮೂರಕ್ಕೆ ಪೂರ್ಣ ಮೊತ್ತ, ಜೊತೆಗೆ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ. ನಾಲ್ಕು ಸಾವಿರಕ್ಕೂ ಮಿಕ್ಕಿ ಮಕ್ಕಳು ಇದರ ಫಲಾನುಭವಿಗಳಾದರು. ಅದೇ ದಿನ ಕರ್ನಾಟಕ ಸರಕಾರವು ಮುಖ್ಯಮಂತ್ರಿ ಬಾಲಸೇವಾ ಯೋಜನೆಯನ್ನು ಪ್ರಕಟಿಸಿ, ಅನಾಥರಾದ ಮಕ್ಕಳ ಪಾಲಕರಿಗೆ ತಿಂಗಳಿಗೆ 3,500 ರೂಪಾಯಿ ನೀಡುವುದಾಗಿ ಹೇಳಿತು. ಮಹಾರಾಷ್ಟ್ರ ಸರಕಾರವು ಜೂನ್ ತಿಂಗಳಲ್ಲಿ ಇಬ್ಬರನ್ನೂ ಕಳೆದುಕೊಂಡ ಮಗುವಿನ ಹೆಸರಿನಲ್ಲಿ 5 ಲಕ್ಷ ರೂಪಾಯಿ ಠೇವಣಿ ಇಡಲು ನಿರ್ಧರಿಸಿತು.

ಹಾಗಾದರೆ ಒಬ್ಬರನ್ನು ಕಳೆದುಕೊಂಡವರ ಗತಿಯೇನು? ದುಡಿಯುತ್ತಿದ್ದ ತಂದೆ ತೀರಿಕೊಂಡು ತಾಯಿ ಉಳಿದಿದ್ದರೆ ಆ ಮಗು ಇಂಥ ಯೋಜನೆಗಳ ಲೆಕ್ಕದಲ್ಲಿ ಅನಾಥವಲ್ಲ. ಆದರೆ ಮನೆಬಾಡಿಗೆ, ಆಸ್ಪತ್ರೆಯ ಸಾಲ, ಶಾಲೆಯ ಶುಲ್ಕ ಈ ವ್ಯಾಖ್ಯೆಯನ್ನು ಕೇಳುವುದಿಲ್ಲ. ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆ ಮಾತ್ರ ಏಕಪೋಷಕ ಮಕ್ಕಳನ್ನೂ ಒಳಗೊಂಡಿರುವುದು ಗಮನಾರ್ಹ. ಆಗ ತಿಂಗಳಿಗೆ ಸಾವಿರದ ಆಸುಪಾಸಿನಲ್ಲಿದ್ದ ಈ ನೆರವು 2023ರಲ್ಲಿ ಎರಡು ಸಾವಿರ ದಾಟಿತು, ಯೋಜನೆಗೆ ಸಾವಿತ್ರಿಬಾಯಿ ಫುಲೆಯವರ ಹೆಸರನ್ನೂ ಇಡಲಾಯಿತು. ಬೆನ್ನ ಮೇಲೆ ಮಗುವನ್ನು ಹೊತ್ತವರ ಹೆಸರು ಇದಕ್ಕೆ ಒಪ್ಪುತ್ತದೆ.

ಎರಡು ರಾಜ್ಯಗಳ ನಡುವಿನ ಮಗು

"ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ" ಎಂಬ ಗಾದೆ ನಮ್ಮಲ್ಲಿದೆ. ಸರಕಾರದ ವರಕ್ಕೆ ಪೂಜಾರಿಯೆಂದರೆ ಕಾಗದಪತ್ರ. ಬ್ಯಾಂಕಿನ ಮೇಜಿನ ಈಚೆ ಮೂರು ದಶಕ ಕಳೆದವನಿಗೆ ಇದು ದಿನನಿತ್ಯದ ಅನುಭವ. ಹಣ ಮಂಜೂರಾಗಿದ್ದರೂ ಒಂದು ಹೆಸರಿನ ಕಾಗುಣಿತ ಬೇರೆಯಾದ ಕಾರಣಕ್ಕೆ ಅದು ತಲುಪದಿರುವುದುಂಟು.

ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಕಟ್ಟಡ ಕಾಮಗಾರಿಗೆಂದು ಪುಣೆಗೆ ಬಂದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತಂದೆ ಇಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಮರಣ ಪ್ರಮಾಣಪತ್ರ ಪುಣೆ ಮಹಾನಗರಪಾಲಿಕೆಯದು, ಮರಾಠಿಯಲ್ಲಿದೆ. ಪಡಿತರ ಚೀಟಿ ಊರಿನದು, ಕನ್ನಡದಲ್ಲಿದೆ. ಮಗುವಿನ ಜನನದ ದಾಖಲೆ ಗ್ರಾಮ ಪಂಚಾಯಿತಿಯಲ್ಲಿ. ತಾಯಿಯ ಬ್ಯಾಂಕ್ ಖಾತೆ ತವರಿನ ಹೆಸರಿನಲ್ಲಿ. ಮಕ್ಕಳು ಅಜ್ಜಿಯೊಡನೆ ಊರಿಗೆ ಹೋದರೆ ಮಹಾರಾಷ್ಟ್ರದ ಅಧಿಕಾರಿಗೆ ಅವರು ಕಾಣಿಸುವುದಿಲ್ಲ. ಸಾವು ಪುಣೆಯಲ್ಲಾದುದರಿಂದ ಊರಿನ ಕಚೇರಿಯ ಪಟ್ಟಿಯಲ್ಲಿಯೂ ಹೆಸರು ತಾನಾಗಿ ಬರುವುದಿಲ್ಲ. ಎರಡು ರಾಜ್ಯಗಳಲ್ಲಿಯೂ ಯೋಜನೆ ಇದ್ದು, ಎರಡರಲ್ಲಿಯೂ ಮಗು ಹೊರಗೆ!

ಕೋವಿಡ್ ಮೃತರ ವಾರಸುದಾರರಿಗೆ 50,000 ರೂಪಾಯಿ ಪರಿಹಾರ ನೀಡುವ ಕ್ರಮಕ್ಕೆ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 4ರಂದು ಒಪ್ಪಿಗೆ ಇತ್ತಾಗ, ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಬಾರದೆಂದು ಸ್ಪಷ್ಟಪಡಿಸಿತು. ಅನಾಥ ಮಕ್ಕಳು ತಾವಾಗಿ ಅರ್ಜಿ ಹಾಕಲಾರರು, ಸರಕಾರಗಳೇ ಅವರನ್ನು ತಲುಪಬೇಕು ಎಂದು 2022ರ ಜನವರಿಯಲ್ಲಿ ಸೂಚಿಸಿತು. ಮಗುವಿಗೆ ಹಕ್ಕು ಇದ್ದರೆ ಸಾಲದು, ಅದನ್ನು ಕೇಳಿಕೊಡುವ ಒಬ್ಬ ಹಿರಿಯ ಬೇಕು ಎಂಬ ಸತ್ಯವನ್ನು ನ್ಯಾಯಾಲಯವೇ ಗುರುತಿಸಿದಂತಾಯಿತು.

ಇನ್ನೂ ಕೆಲವು ಹಕ್ಕುಗಳು ಜನರ ಗಮನಕ್ಕೇ ಬರಲಿಲ್ಲ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 330 ರೂಪಾಯಿ ಖಾತೆಯಿಂದ ಕಡಿತವಾಗುತ್ತಿದ್ದುದು ಗಂಡನಿಗೆ ಗೊತ್ತಿದ್ದರೂ ಹೆಂಡತಿಗೆ ಗೊತ್ತಿಲ್ಲದಿದ್ದರೆ 2 ಲಕ್ಷ ರೂಪಾಯಿ ಕೇಳುವವರೇ ಇಲ್ಲ. ಭವಿಷ್ಯನಿಧಿಯ ಸದಸ್ಯನಾಗಿದ್ದವನ ಮಕ್ಕಳಿಗೆ ಪಿಂಚಣಿ ಯೋಜನೆಯಡಿ ಇಪ್ಪತ್ತೈದು ವರ್ಷದವರೆಗೆ ಮಾಸಿಕ ಮೊತ್ತ ಸಿಗುತ್ತದೆ. ಕಾರ್ಮಿಕ ರಾಜ್ಯ ವಿಮಾ ನಿಗಮವು 2021ರ ಜೂನ್‌ನಲ್ಲಿ ಕೋವಿಡ್‌ನಿಂದ ಮೃತರಾದ ಸದಸ್ಯರ ಅವಲಂಬಿತರಿಗೆ ಸರಾಸರಿ ವೇತನದ ಶೇ. 90ರಷ್ಟನ್ನು ನೀಡುವ ವಿಶೇಷ ಯೋಜನೆಯನ್ನು ತಂದಿತು.

ಕರುಣೆಗೂ ಕಾನೂನು ಬೇಕು

ಎರಡನೆಯ ಅಲೆಯಲ್ಲಿ ಇನ್ನೊಂದು ಅಪಾಯ ತಲೆದೋರಿತು. ತಂದೆತಾಯಿ ತೀರಿಕೊಂಡ ಹಸುಗೂಸುಗಳಿವೆ, ಬೇಕಾದವರು ದತ್ತು ತೆಗೆದುಕೊಳ್ಳಿ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಒಳ್ಳೆಯ ಮನಸ್ಸಿನವರೇ ಅವನ್ನು ಮುಂದಕ್ಕೆ ಕಳುಹಿಸಿದರು. ಆದರೆ ಬಾಲನ್ಯಾಯ ಕಾಯಿದೆಯ ಪ್ರಕಾರ ಅಂಥ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, 1098ಕ್ಕೆ ತಿಳಿಸಬೇಕು. ಅಕ್ರಮ ದತ್ತುವಿನಲ್ಲಿ ತೊಡಗಿದವರ ಮೇಲೆ ಕಠಿಣ ಕ್ರಮ ಕೈಗೊಳ್ಳುವಂತೆ 2021ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆದೇಶಿಸಿತು. ಇಂಥ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನೂ ಇದೇ ಕಾಯಿದೆಯ 74ನೆಯ ಕಲಮು ನಿಷೇಧಿಸುತ್ತದೆ. ಸಮಾರಂಭದ ವೇದಿಕೆಗೆ ಮಗುವನ್ನು ಕರೆದು, ಕೈಗೆ ಚೆಕ್ಕು ಕೊಟ್ಟು, ಛಾಯಾಚಿತ್ರ ತೆಗೆಸಿಕೊಳ್ಳುವ ನಮ್ಮ ಸಂಘಸಂಸ್ಥೆಗಳ ರೂಢಿಯನ್ನು ಇಲ್ಲಿ ಕೈಬಿಡಲೇಬೇಕು. ನಾಳೆ ಶಾಲೆಯಲ್ಲಿ ಆ ಚಿತ್ರವನ್ನು ನೋಡುವವರು ಅದರ ಸಹಪಾಠಿಗಳು.

ನಾವೇನು ಮಾಡಬಹುದು?

ಪುಣೆಯ ಕನ್ನಡಿಗರಿಗೆ ಬೇರೆಯವರಿಗಿಲ್ಲದ ಒಂದು ಸಾಮರ್ಥ್ಯವಿದೆ. ನಮಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ನಿವೃತ್ತ ಶಿಕ್ಷಕರು, ಬ್ಯಾಂಕ್ ಮತ್ತು ವಿಮಾ ನೌಕರರು, ವಕೀಲರು ನಮ್ಮಲ್ಲಿ ಹೇರಳವಾಗಿದ್ದಾರೆ. ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಡೋರ್ ಸ್ಟೆಪ್ ಸ್ಕೂಲ್, ತಾರಾ ಮೊಬೈಲ್ ಕ್ರೆಷಸ್‌ನಂಥ ಸಂಸ್ಥೆಗಳು ಈ ನಗರದಲ್ಲಿ ಬಹುಕಾಲದಿಂದ ದುಡಿಯುತ್ತಿವೆ. ಕನ್ನಡ ಮಾತನಾಡುವ ಕುಟುಂಬಗಳ ವಿಷಯದಲ್ಲಿ ನಾವು ಅವರ ಕೈಜೋಡಿಸಬಹುದು.

ಮೊದಲನೆಯದಾಗಿ, ತಿಂಗಳಿಗೊಂದು ಭಾನುವಾರ ಕಾಗದಪತ್ರದ ಸಹಾಯಕೇಂದ್ರ. ಮರಾಠಿ ದಾಖಲೆಗೆ ಕನ್ನಡ ಅನುವಾದ, ಹೆಸರಿನ ತಿದ್ದುಪಡಿಗೆ ಅರ್ಜಿ, ಊರಿನ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಪತ್ರ ಇಷ್ಟು ಸಾಕು. ಇದಕ್ಕೆ ದೇಣಿಗೆ ಬೇಕಿಲ್ಲ, ಎರಡು ಮೇಜು ಮತ್ತು ನಾಲ್ಕು ಜನ ಬೇಕು.

ಎರಡನೆಯದಾಗಿ, ಒಂದು ಕುಟುಂಬಕ್ಕೆ ಒಂದು ಮಗುವಿನ ಹೊಣೆ. ಹೊಣೆಯೆಂದರೆ ದತ್ತುವಲ್ಲ, ವರ್ಷವರ್ಷವೂ ತಪ್ಪದ ವಿಚಾರಣೆ. ಜೂನ್‌ನಲ್ಲಿ ಶಾಲೆಗೆ ಹೆಸರು ಸೇರಿದೆಯೇ? ಹದಿನೈದು ತುಂಬಿದಾಗ ಆಧಾರ್‌ನ ಬೆರಳಚ್ಚು ನವೀಕರಣವಾಗಿದೆಯೇ? ಮುಖ್ಯವಾಗಿ, ಹದಿನೆಂಟು ತುಂಬಿದಾಗ ಏನಾಗುತ್ತದೆಂಬುದು ಬಹುಮಂದಿಗೆ ತಿಳಿಯದು. ಅಂದಿಗೆ ಖಾತೆಯ ಮೇಲೆ ಪಾಲಕರ ಅಧಿಕಾರ ಕೊನೆಗೊಳ್ಳುತ್ತದೆ. ಹೊಸ ಸಹಿ, ಹೊಸ ಗುರುತಿನ ದಾಖಲೆ ಕೊಡುವವರೆಗೆ ವ್ಯವಹಾರ ನಿಲ್ಲುತ್ತದೆ. 2021ರಲ್ಲಿ ಹದಿಮೂರು ವರ್ಷದವರಾಗಿದ್ದ ಮಕ್ಕಳಿಗೆ 2026 ಇಂಥ ವರ್ಷ. ಮುಂದೆ ಇಪ್ಪತ್ತಮೂರರಲ್ಲಿ 10 ಲಕ್ಷ ರೂಪಾಯಿ ಕೈಗೆ ಬಂದಾಗ ಇಷ್ಟು ವರ್ಷ ಕಾಣದ ನೆಂಟರೂ ಕಾಣಿಸಿಕೊಳ್ಳುವುದು ಲೋಕರೂಢಿ. ಆ ಹಣವನ್ನು ವ್ಯಾಸಂಗಕ್ಕೋ ಉದ್ಯೋಗಕ್ಕೋ ಹೇಗೆ ತೊಡಗಿಸಬೇಕೆಂದು ಹೇಳುವ, ಅದರಲ್ಲಿ ತನಗೆ ಪಾಲು ಬೇಡದ ಒಬ್ಬ ಹಿರಿಯರು ಆಗ ಬೇಕಾಗುತ್ತಾರೆ.

ಮೂರನೆಯದು ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧತೆ. 1897, 1918, 2009, 2020 ಈ ಎಲ್ಲ ವರ್ಷಗಳಲ್ಲೂ ಪುಣೆ ಸಾಂಕ್ರಾಮಿಕದ ಪೆಟ್ಟು ತಿಂದಿದೆ. ಹಂದಿಜ್ವರದಿಂದ ದೇಶದ ಮೊದಲ ಸಾವು 2009ರ ಆಗಸ್ಟ್‌ನಲ್ಲಿ ಇಲ್ಲಿಯೇ ಸಂಭವಿಸಿತು, ತೀರಿಕೊಂಡವಳು ಶಾಲಾ ವಿದ್ಯಾರ್ಥಿನಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಜಾಣತನವಲ್ಲ. ನಮ್ಮ ಮನೆಯ ಕೆಲಸದವರು, ಸೊಸೈಟಿಯ ಕಾವಲುಗಾರರು, ವಾಹನ ಚಾಲಕರು ಇವರ ಖಾತೆಗೆ ನಾಮನಿರ್ದೇಶನವಾಗಿದೆಯೇ, ಕಟ್ಟಡ ಕಾರ್ಮಿಕರಾದರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇದೆಯೇ ಎಂದು ವಿಚಾರಿಸೋಣ. ಜೀವನ ಜ್ಯೋತಿ ವಿಮೆಯ ಕಂತು 2022ರ ಜೂನ್‌ನಿಂದ ವರ್ಷಕ್ಕೆ 436 ರೂಪಾಯಿ. ದೀಪಾವಳಿಯ ಬೋನಸಿನೊಡನೆ ಅದನ್ನೂ ನಾವೇ ಭರಿಸಿ, ವಿಮೆ ಇರುವ ವಿಷಯವನ್ನು ಅವರ ಮನೆಯವರಿಗೆ ತಪ್ಪದೆ ತಿಳಿಸಬಹುದು.

ಸರಕಾರ ಮಾಡಬೇಕಾದ್ದನ್ನು ಸಂಘಗಳು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಏಕಪೋಷಕ ಮಕ್ಕಳಿಗೆ ಸಾಕಷ್ಟು ನೆರವು ದೊರಕಬೇಕು, ರಾಜ್ಯದ ಗಡಿ ದಾಟಿದ ಮಗುವಿನ ಅರ್ಜಿ ತಾನಾಗಿ ಗಡಿ ದಾಟಬೇಕು ಎಂದು ಎರಡೂ ಸರಕಾರಗಳನ್ನು ಒತ್ತಾಯಿಸುವುದು ನಮ್ಮ ಕರ್ತವ್ಯ. ಆದರೆ ಅಲ್ಲಿಯವರೆಗೆ ಆ ಮಗುವಿನ ಪರವಾಗಿ ಕಚೇರಿಯ ಮೆಟ್ಟಿಲು ಹತ್ತುವವರು ಯಾರು? ಈ ವರ್ಷದ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಯನ್ನು ಸಿದ್ಧಪಡಿಸುವಾಗ ನಮ್ಮ ಸಂಘಸಂಸ್ಥೆಗಳು ಹಾಡು, ನೃತ್ಯ, ಊಟಗಳ ಜೊತೆಗೆ ಈ ಸಹಾಯಕೇಂದ್ರದ ಮೊದಲ ಭಾನುವಾರವನ್ನೂ ಗೊತ್ತುಮಾಡಲಿ ಎಂಬುದು ನನ್ನ ವಿನಮ್ರ ಸೂಚನೆ.