ನೆರಳಿಗೂ ಟೈಂಟೇಬಲ್ ಇದೆ, ಹೇಳೋದಕ್ಕೇನು ಧಾಡಿ?

ಗ್ರಹಣ ಬಂತೆಂದರೆ ನಮ್ಮ ಪಂಚಾಂಗದವರು ನಾಲ್ಕು ಹೊತ್ತು ಬರೆಯುತ್ತಾರೆ. ಸ್ಪರ್ಶ, ಸಮ್ಮೀಲನ, ಉನ್ಮೀಲನ, ಮೋಕ್ಷ. ಉಣ್ಣಬೇಕೋ ಬೇಡವೋ ಎಂಬ ಅವರ ಉಪದೇಶ ಅತ್ತ ಇಡಿ. ಹೊತ್ತನ್ನಂತೂ ಮೊದಲೇ ಹೇಳುತ್ತಾರೆ, ಅದೂ ಕನ್ನಡದಲ್ಲಿ!

ಗೆಳೆಯರೇ, ಉಪಗ್ರಹಕ್ಕೂ ಗ್ರಹಣ ಹಿಡಿಯುತ್ತದೆ. ಸೂರ್ಯನಿಗೆ ಭೂಮಿ ಅಡ್ಡ ಬಂದಾಗ ಮೊದಲು ಅರೆನೆರಳು, ಸೌರಫಲಕದ ಕರೆಂಟು ಇಳಿಯುತ್ತದೆ. ಆಮೇಲೆ ಪೂರ್ಣನೆರಳು, ಕರೆಂಟು ಸೊನ್ನೆ, ಬ್ಯಾಟರಿಯೇ ಗತಿ. ನಮ್ಮ ಹಾಸನದ ನಿಯಂತ್ರಣ ಕೇಂದ್ರ ಕಾಯುವ ಭೂಸ್ಥಿರ ಉಪಗ್ರಹಗಳಿಗೆ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸು ತಿಂಗಳೂವರೆ ಕಾಲ ದಿನಾ ಇದೇ ಪಾಡು. ಹೆಚ್ಚೆಂದರೆ ಸುಮಾರು 72 ನಿಮಿಷ. ಅಂಥ ದಿನ ಅರೆನೆರಳಿನ ಪಾಲು ಆಚೆಗೆರಡು, ಈಚೆಗೆರಡು ನಿಮಿಷ ಅಷ್ಟೇ. ಎರಡನ್ನೂ ಸೇರಿಸಿ ಬರೀ ‘ಗ್ರಹಣ’ ಎಂದು ಬರೆದು ಕೈತೊಳೆದುಕೊಂಡರೆ ಓದುಗನಿಗೆ ಏನು ತಿಳಿಯಿತು?

ಈಗ ಮಂಗಳಯಾನದ ಮಾತು. 2013ರ ನವೆಂಬರ್ 5ರಂದು ಹಾರಿತು, 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಆರು ತಿಂಗಳಿಗೆಂದು ಕಟ್ಟಿದ ನೌಕೆ ಏಳು ವರ್ಷಕ್ಕೂ ಮಿಕ್ಕಿ ದುಡಿಯಿತು. ಅದರ ದನಿಗೆ ಕಿವಿಗೊಟ್ಟದ್ದು ಬೆಂಗಳೂರಿನ ಹೊರಗಿನ ಬ್ಯಾಲಾಳು. 2017ರ ಜನವರಿಯಲ್ಲಿ ಮಂಗಳನದೇ ದೀರ್ಘ ನೆರಳೊಂದು ಎದುರಾಗಲಿತ್ತು. ವಿಜ್ಞಾನಿಗಳು ಅದನ್ನು ಮೊದಲೇ ಲೆಕ್ಕ ಹಾಕಿ, 431 ಸೆಕೆಂಡು ಎಂಜಿನ್ ಉರಿಸಿ, ಕಕ್ಷೆಯನ್ನೇ ಬದಲಿಸಿ ನೌಕೆಯನ್ನು ಪಾರು ಮಾಡಿದರು. ಭಲೇ! ಆದರೆ ಅದಕ್ಕೆ ಸುಮಾರು 20 ಕಿಲೋ ಇಂಧನ ಖರ್ಚಾಯಿತು. ಉಳಿದದ್ದು 13 ಕಿಲೋದಷ್ಟು.

2022ರ ಏಪ್ರಿಲ್‌ನಲ್ಲಿ ಮತ್ತೆ ದೀರ್ಘ ಗ್ರಹಣ. ಸಂಪರ್ಕ ಕಡಿಯಿತು. ಇಸ್ರೋದ ಅಧಿಕೃತ ಹೇಳಿಕೆ ಬಂದದ್ದು ಅಕ್ಟೋಬರ್ 3ಕ್ಕೆ! ಅಷ್ಟರಲ್ಲಿ ಹೆಸರಿಲ್ಲದ ‘ಮೂಲಗಳು’ ಸುದ್ದಿಸಂಸ್ಥೆಯ ಕಿವಿಯಲ್ಲಿ ಉಸುರಿಯಾಗಿತ್ತು: ಒಂದು ಗ್ರಹಣ ಏಳೂವರೆ ಗಂಟೆಯದಂತೆ, ಬ್ಯಾಟರಿಯ ತಾಕತ್ತು ಬರೀ ಒಂದು ಗಂಟೆ ನಲವತ್ತು ನಿಮಿಷವಂತೆ.

ನೌಕೆ ಸತ್ತದ್ದಕ್ಕೆ ಯಾರನ್ನೂ ದೂರುತ್ತಿಲ್ಲ. ಇಂಧನ ಮುಗಿದ ಮೇಲೆ ಯಾರೇನು ಮಾಡಿಯಾರು? ಆದರೆ ಗ್ರಹಣ ಹಠಾತ್ತನೆ ಎರಗುವ ಗುಡುಗಲ್ಲ ಸ್ವಾಮಿ. ಕಕ್ಷೆ ಗೊತ್ತಿದ್ದರೆ ನೆರಳಿನ ಹೊತ್ತೂ ಗೊತ್ತು. ‘ಇಂಥ ದಿನ ಇಷ್ಟು ಗಂಟೆ ಕತ್ತಲು, ಬ್ಯಾಟರಿ ಇಷ್ಟೇ, ಉಳಿಯುವುದು ಕಷ್ಟ’ ಎಂದು ಮುಂಚೆಯೇ ಸಾರಿದ್ದರೆ ಪಿಯುಸಿ ಹುಡುಗರು ರಾತ್ರಿಯಿಡೀ ಎದ್ದು ಕೂರುತ್ತಿದ್ದರು. ಹಾರಿಸುವಾಗ ನೇರಪ್ರಸಾರ, ಆರಿಹೋಗುವಾಗ ಮೌನವೇ?

ನಮ್ಮ ಪತ್ರಿಕೆಯವರಿಗೂ ಒಂದು ಮಾತು. ಹೇಳಿಕೆಗೆ ಕಾಯಬೇಡಿ, ಹೊತ್ತು ಕೇಳಿ ಪಡೆಯಿರಿ. ಅರೆನೆರಳು ಹೊಕ್ಕದ್ದು, ಪೂರ್ಣನೆರಳು ಹೊಕ್ಕದ್ದು, ಪೂರ್ಣನೆರಳು ಬಿಟ್ಟದ್ದು, ಅರೆನೆರಳು ಬಿಟ್ಟದ್ದು. ಜೊತೆಗೆ ಬ್ಯಾಟರಿ ಎಷ್ಟು ನಿಮಿಷ ತಾಳುತ್ತದೆ ಎಂಬ ಲೆಕ್ಕ. ಮಳೆ ನಕ್ಷತ್ರಕ್ಕೆ ಜಾಗ ಕೊಡುವ ಪುಟದಲ್ಲಿ ಇದಕ್ಕೂ ನಾಲ್ಕು ಸಾಲು ಸಾಕು.